ಬಾಟಲಿ ಬೆಚ್ಚಗಷ್ಟೇ ಇತ್ತು

ಉಡುತಡಿಯಲ್ಲಿ ಯಾರ ಮನೆಯ ಸೊಸೆ ಅಥವಾ ಮಗಳು ಹೆತ್ತರೂ, ತಾಯಿ ಕೂಸು ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿ, "ಈಶ್ವರಕ್ಕನ್ನ ಕರಕಂಡು ಬರ್ರಿ" ಎಂದು ಹೇಳಿ ಕಳಿಸುತ್ತಿದ್ದರು. ಈಶ್ವರಮ್ಮ ಕುರಿಹಟ್ಟಿಯ ಕೆಲಸವನ್ನು ಅಷ್ಟಕ್ಕೇ ಬಿಟ್ಟು, ಕೈಕಾಲು ತೊಳೆದುಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದರೆ ಅದೇ ಕೂಸಿನ ಹಾಸಿಗೆ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ನೆತ್ತಿ ಒತ್ತಿ, ಮೂಗು ನೀವಿ, ಕೂಸನ್ನು ಮಗುಚಿ ಬೆನ್ನಿಗೆ ನೀರು ಹುಯ್ಯುವಾಗ ಅದು ಮೊದಲು ಕಿರುಚುತ್ತಿತ್ತು, ಆಮೇಲೆ ಅರೆಗಣ್ಣು ಮುಚ್ಚಿ ಸುಮ್ಮನಾಗುತ್ತಿತ್ತು. ನೀರು ಹದವಾಗಿದೆಯೇ ಎಂದು ಅವಳು ನೋಡುತ್ತಿದ್ದುದು ಬಕೀಟಿನಲ್ಲಿ ಮೊಣಕೈ ಅದ್ದಿ. ಅಂಗೈಯನ್ನು ಅವಳು ನಂಬುತ್ತಿರಲಿಲ್ಲ.

"ಒಲೆ ಮುಂದೆ ಇದ್ದೂ ಇದ್ದೂ ಅಂಗೈ ಮರಗಟ್ಟಿರ್ತೈತೆ ಕಣ್ರೆ. ಅದಕ್ಕೆ ಬಿಸಿ ತಿಳಿಯಲ್ಲ" ಎಂದು ಬಾಣಂತಿಯರಿಗೆ ಹೇಳುತ್ತಿದ್ದಳು.

ಇದನ್ನು ಅವಳು ಕಲಿತದ್ದು ಅತ್ತೆಯಿಂದ. ಅತ್ತೆ ತೀರಿಕೊಂಡ ಮೇಲೆ ಊರವರು ತಾವಾಗಿಯೇ ಇವಳನ್ನು ಕರೆಯತೊಡಗಿದರು. ಶಿರಾಳಕೊಪ್ಪದ ಅಂಗಡಿಯವರ ಮನೆಗಳಿಂದಲೂ ಆಟೋ ಬರುತ್ತಿತ್ತು. ಇಷ್ಟು ಕೊಡಿ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಬಾಣಂತನ ಮುಗಿದಾಗ ಒಂದು ಸೀರೆ, ಕುಪ್ಪಸದ ಬಟ್ಟೆ, ತೆಂಗಿನಕಾಯಿ ಕೊಟ್ಟು ಮನೆಯ ಹಿರಿಯರು ಕೈಮುಗಿಯುತ್ತಿದ್ದರು. ಗಂಡ ಚಿಕ್ಕಬೀರಪ್ಪನ ಕುರಿ ಮತ್ತು ಮೆಕ್ಕೆಜೋಳದ ಹೊಲದಿಂದ ಹೊಟ್ಟೆ ತುಂಬುತ್ತಿತ್ತು. ಆದರೆ ಊರಲ್ಲಿ ತಲೆಯೆತ್ತಿ ನಡೆಯುವ ಧೈರ್ಯ ಅವಳಿಗೆ ಬಂದದ್ದು ಆ ಕೈಮುಗಿತದಿಂದ. ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ಮೂಡಿದ ಹುಡುಗರನ್ನು ಕಂಡರೆ, "ನಿನ್ನ ಕುಂಡಿ ತೊಳ್ದೋಳು ನಾನು, ನೆಪ್ಪಿರ್ಲಿ" ಎನ್ನುತ್ತಿದ್ದಳು. ಅವರು ನಾಚಿ ನಗುತ್ತಿದ್ದರು.

ಒಬ್ಬಳೇ ಮಗಳು ಸುಮಾ. ಶಿರಾಳಕೊಪ್ಪದಲ್ಲಿ ಪಿಯುಸಿ ಮುಗಿಸಿದ ಅವಳನ್ನು ಆನವಟ್ಟಿಯ ನಾಗೇಶನಿಗೆ ಕೊಟ್ಟರು. ನಾಗೇಶ ಮೊದಲು ಯಾರದೋ ಅಂಗಡಿಯಲ್ಲಿ ಫ್ಯಾನು ಮಿಕ್ಸಿ ರಿಪೇರಿ ಮಾಡಿಕೊಂಡಿದ್ದವನು, ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ತೆರೆದ. ಟಿವಿ, ಫ್ರಿಜ್ಜು, ವಾಷಿಂಗ್ ಮಿಷನ್ನು, ಎಲ್ಲವನ್ನೂ ಕಂತಿನ ಮೇಲೆ ಕೊಡುತ್ತಿದ್ದ. ಮಾತಿನಲ್ಲಿ ಚುರುಕು. ಕೆಟ್ಟವನು ಎಂದು ಅವನನ್ನು ಯಾರೂ ಹೇಳುತ್ತಿರಲಿಲ್ಲ. ಮಾವನಿಗೆ ಜ್ವರ ಬಂದಾಗ ಅಂಗಡಿ ಮುಚ್ಚಿ ಬೈಕಿನಲ್ಲಿ ಬಂದು, ಅವನನ್ನು ಹಿಂದೆ ಕೂರಿಸಿಕೊಂಡು ಶಿಕಾರಿಪುರದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಿದ್ದ. ಅತ್ತೆಯ ಅಡುಗೆಮನೆಗೆ ತಾನೇ ಲೈಟು ಎಳೆದುಕೊಟ್ಟಿದ್ದ.

ಅಂಗಡಿಗೆ ಮೈಕ್ರೋವೇವ್ ಓವನ್ ತರಿಸಿದ ವರ್ಷ ಅದನ್ನು ಕೊಳ್ಳುವವರು ಇರಲಿಲ್ಲ. ಹೆಂಗಸರು ಬಂದು ಬಾಗಿಲು ತೆಗೆದು ನೋಡಿ, "ಇದ್ರಲ್ಲಿ ಏನ್ ಮಾಡ್ತಾರ್ರೀ?" ಎಂದು ಕೇಳಿ ಹೋಗುತ್ತಿದ್ದರು. ನಾಗೇಶ ಒಂದನ್ನು ಮನೆಗೇ ತಂದು ಅಡುಗೆಕಟ್ಟೆಯ ಮೇಲಿಟ್ಟ. ಅಕ್ಕಪಕ್ಕದವರನ್ನು ಕರೆದು ಹಪ್ಪಳ ಸುಟ್ಟು ತೋರಿಸಿದ, ತಂಗಳನ್ನವನ್ನು ಹಬೆಯಾಡುವಂತೆ ಬಿಸಿ ಮಾಡಿಕೊಟ್ಟ. ಅವತ್ತು ಈಶ್ವರಮ್ಮನೂ ಅಲ್ಲಿದ್ದಳು.

"ಸ್ಟೀಲ್ ಪಾತ್ರೆ ಇಡಬಾರದು, ಕಿಡಿ ಹಾರ್ತದೆ. ಮುಚ್ಚಳ ಬಿಗಿ ಹಾಕಬಾರದು. ಮೊಟ್ಟೆ ಅಂತೂ ಇಡಲೇಬಾರದು, ಬಾಂಬಿನ ಥರ ಸಿಡೀತದೆ" ಎಂದು ಅವನು ಹೇಳುತ್ತಿದ್ದಾಗ ಅವನ ತಾಯಿ ಲೋಕಮ್ಮ ಹಿಂದಿನಿಂದ, "ನಾ ಒಂದಿನ ಸ್ಟೀಲ್ ಡಬರಿ ಇಟ್ಟು ಮನೆ ಸುಡ್ತಿದ್ದೆ ಮಾರಾಯ್ತಿ. ಅವತ್ತಿಂದ ಅದರ ಹತ್ರ ಹೋಗದಿಲ್ಲ" ಎಂದಳು. ಎಲ್ಲರೂ ನಕ್ಕರು.

ಈಶ್ವರಮ್ಮ ಬಗ್ಗಿ ಒಳಗೆ ನೋಡಿ, "ಬೆಂಕಿ ಇಲ್ದೆ ಹೆಂಗೆ ಬಿಸಿ ಆಗ್ತೈತೆ ನಾಗೇಶಪ್ಪ?" ಎಂದು ಕೇಳಿದಳು.

"ಇದು ಪಾತ್ರೆ ಕಾಯಿಸೋದಲ್ಲ ಅತ್ತೆ. ಒಳಗಿರೋ ಪದಾರ್ಥನೇ ಸೀದಾ ಕಾಯಿಸ್ತದೆ. ತಟ್ಟೆ ಮುಟ್ಟಿ ನೋಡಿ, ಹೆಂಗೆ ತಣ್ಣಗಿದೆ!"

ಈಶ್ವರಮ್ಮ ಮುಟ್ಟಿ ನೋಡಿ ಬೆರಗಾದಳು. ಆ ತಣ್ಣನೆಯ ತಟ್ಟೆಯಲ್ಲಿ ಹೆದರಬೇಕಾದ್ದೇನಾದರೂ ಇದೆಯೆಂದು ಅವತ್ತು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹೇಳಿಕೊಟ್ಟ ನಾಗೇಶನಿಗೂ ಹೊಳೆಯಲಿಲ್ಲ.

ಸುಮಾಳ ಚೊಚ್ಚಲ ಬಾಣಂತನ ಉಡುತಡಿಯಲ್ಲೇ ಆಯಿತು. ಹೆಣ್ಣು ಕೂಸು. ನಯನ ಎಂದು ಹೆಸರಿಟ್ಟರು. ಊರ ಕೂಸುಗಳನ್ನೆಲ್ಲ ಎರೆದ ಈಶ್ವರಮ್ಮ ತನ್ನ ಮೊಮ್ಮಗಳನ್ನು ಎರೆಯುವಾಗ ಬಚ್ಚಲ ಬಾಗಿಲಲ್ಲಿ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಮೈತುಂಬಿಕೊಂಡ ಕೂಸನ್ನು ಎತ್ತಿಕೊಂಡು ಸುಮಾ ಗಂಡನ ಮನೆಗೆ ಹೋದಳು. ಹೋಗಿ ಸ್ವಲ್ಪ ದಿನಕ್ಕೇ ಅವಳಿಗೆ ಎದೆ ಬಾವು ಬಂದು ಜ್ವರ ಏರಿತು. ಲೋಕಮ್ಮನಿಗೆ ಮಂಡಿನೋವು, ಕೂತರೆ ಏಳಲಾಗದು. ನಾಗೇಶ ಫೋನು ಮಾಡಿದ ಕೂಡಲೇ ಈಶ್ವರಮ್ಮ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದಳು.

ಬಾವು ಬಂದ ಕಡೆ ಕೂಸಿನ ಬಾಯಿ ಹಚ್ಚಿಸಿಕೊಳ್ಳಲು ಸುಮಾಳಿಗೆ ಆಗುತ್ತಿರಲಿಲ್ಲ, ಅಷ್ಟು ನೋವು. ಆಸ್ಪತ್ರೆಯ ನರ್ಸು ಹಾಲು ತೆಗೆಯುವ ಪಂಪು ಕೊಟ್ಟು, ತೆಗೆದ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಬೇಕಾದಾಗ ಬೆಚ್ಚಗೆ ಮಾಡಿ ಬಾಟಲಿಯಲ್ಲಿ ಕುಡಿಸಿ ಎಂದಿದ್ದಳು. ಈಶ್ವರಮ್ಮ ಪಾತ್ರೆಯಲ್ಲಿ ನೀರು ಕಾಯಿಸಿ, ಒಲೆಯಿಂದ ಇಳಿಸಿ, ಬಾಟಲಿಯನ್ನು ಅದರಲ್ಲಿ ನಿಲ್ಲಿಸುತ್ತಿದ್ದಳು. ನಡುನಡುವೆ ತೆಗೆದು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಬಾಟಲಿ ಕೆನ್ನೆಗೆ ಹಿತವಾಗಿದ್ದರೆ ಒಳಗಿನ ಹಾಲು ಅದಕ್ಕಿಂತ ಬಿಸಿ ಇರಲು ಸಾಧ್ಯವಿಲ್ಲ. ಒಲೆಯ ಬಿಸಿ ಮೊದಲು ಪಾತ್ರೆಗೆ, ಆಮೇಲೆ ಪಾತ್ರೆಯೊಳಗಿನದಕ್ಕೆ. ಹುಟ್ಟಿದಾಗಿನಿಂದ ಅವಳು ಕಂಡದ್ದು ಅದನ್ನೇ.

ಆ ಬೆಳಿಗ್ಗೆ ಗ್ಯಾಸ್ ಒಲೆಯ ಎರಡೂ ಉರಿ ಖಾಲಿ ಇರಲಿಲ್ಲ. ಒಂದರ ಮೇಲೆ ನಾಗೇಶನ ರೊಟ್ಟಿ, ಇನ್ನೊಂದರ ಮೇಲೆ ಪಲ್ಯ. ಲೋಕಮ್ಮ ಬಿಸಿಲು ಕಾಯಿಸಿಕೊಳ್ಳುತ್ತ ಹೊರಗೆ ಜಗಲಿಯ ಮೇಲಿದ್ದಳು. ಸುಮಾ ಅಡುಗೆಮನೆಗೆ ಹೊಂದಿದ ಕೋಣೆಯಲ್ಲಿ ಹೊದ್ದು ಮಲಗಿದ್ದಳು. ಕೂಸು ಎದ್ದು ಹಸಿವಿಗೆ ಬಾಯಿ ಬಡಿದುಕೊಳ್ಳತೊಡಗಿತು. ಅಂಗಡಿಗೆ ಫ್ರಿಜ್ಜಿನ ಲೋಡು ಬಂದು ನಿಂತಿತ್ತು. ಡ್ರೈವರ್ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ. ನಾಗೇಶ ತಲೆ ಬಾಚಿಕೊಳ್ಳುತ್ತ ಅಡುಗೆಮನೆಗೆ ಬಂದ.

"ಯಾಕತ್ತೆ ಇಷ್ಟು ಅಳ್ತಾ ಇದೆ?"

"ಹಾಲು ಬೆಚ್ಚಗೆ ಮಾಡ್ಬೇಕು. ಈ ಪಲ್ಯ ಇಳಿಸ್ತೀನಿ, ನೀರು ಕಾಯಕ್ಕಿಡ್ತೀನಿ."

"ಅಲ್ಲೀವರೆಗೂ ಅಳಬೇಕಾ ಅದು? ಕೊಡಿ ಇಲ್ಲಿ."

"ಬ್ಯಾಡ ಬಿಡ್ರಿ, ಬಿಸಿನೀರಾಗೆ ಇಟ್ರೆ ಆಗ್ತೈತೆ."

"ಕೊಡಿ ಅತ್ತೆ, ಅರ್ಧ ನಿಮಿಷದ ಕೆಲಸ."

ಅವನು ಬಾಟಲಿ ಕಸಿದುಕೊಂಡು ಓವನ್ನಿನೊಳಗಿಟ್ಟು ಗುಂಡಿ ಒತ್ತಿದ. ಅಷ್ಟರಲ್ಲಿ ಮತ್ತೆ ಫೋನು ಬಂತು. ಡ್ರೈವರನ ಜೊತೆ ಮಾತಾಡುತ್ತ ಅವನು ಹಿತ್ತಲ ಬಾಗಿಲಿನವರೆಗೆ ಹೋಗಿ ಬಂದ. ಓವನ್ನು ಕೀಂ ಕೀಂ ಎಂದು ಕೂಗಿ ನಿಂತಿತು. ಬಾಟಲಿ ತೆಗೆದು, "ತಗಳಿ ಅತ್ತೆ, ಬೆಚ್ಚಗಾಗಿದೆ, ನೋಡಿದೀನಿ" ಎಂದು ಅವಳ ಕೈಗಿಟ್ಟು ಚಪ್ಪಲಿ ಮೆಟ್ಟಲು ಹೋದ.

ಈಶ್ವರಮ್ಮ ಬಾಟಲಿಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಷ್ಟೇ ಇತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಿಪ್ಪಲ್ಲನ್ನು ಬಾಯಿಗಿಟ್ಟಳು. ಹಸಿದ ಕೂಸು ಜೋರಾಗಿ ಎಳೆಯಿತು. ಮರುಕ್ಷಣ ಅದರ ಮೈಯೆಲ್ಲ ಸೆಟೆಯಿತು. ಬಾಯಿ ತೆರೆಯಿತು, ಆದರೆ ದನಿ ಬರಲಿಲ್ಲ. ಬಂದಾಗ, ಅಷ್ಟು ಕೂಸುಗಳ ಅಳು ಕೇಳಿದ ಈಶ್ವರಮ್ಮನಿಗೆ ಅಂಥ ಅಳು ಕೇಳಿ ಗೊತ್ತಿರಲಿಲ್ಲ.

ನಾಗೇಶ ಓಡಿಬಂದ. ಬಾಟಲಿ ಎತ್ತಿಕೊಂಡು ಕೈಮೇಲೆ ಒಂದು ಹನಿ ಹಿಂಡಿ, "ಅಯ್ಯಪ್ಪಾ!" ಎಂದು ಕೈ ಒದರಿದ. ಕೂಸಿನ ತುಟಿಯ ಒಳಗೆ ಚರ್ಮ ಬೆಳ್ಳಗಾಗುತ್ತಿತ್ತು. ಕೂಸನ್ನೆತ್ತಿಕೊಂಡು ಈಶ್ವರಮ್ಮ ಬಾಗಿಲಿಗೆ ಓಡುವಾಗ ತಿರುಗಿ ನೋಡಿ ಕಂಡದ್ದು ಒಂದೇ. ನಾಗೇಶ ಬಾಟಲಿಯ ಹಾಲನ್ನು ಸಿಂಕಿಗೆ ಸುರಿದು ನಲ್ಲಿಯಡಿ ಅದನ್ನು ತೊಳೆಯುತ್ತಿದ್ದ. ಈ ಹೊತ್ತಿನಲ್ಲಿ ಯಾಕೆ ತೊಳೆಯುತ್ತಾನೆ ಎಂದು ಅವಳಿಗೆ ಅನ್ನಿಸಿತು. ಯೋಚಿಸಲು ಪುರುಸೊತ್ತಿರಲಿಲ್ಲ.

ಆನವಟ್ಟಿಯ ಡಾಕ್ಟರು ಬಾಯಿ ನೋಡಿ ಶಿವಮೊಗ್ಗಕ್ಕೆ ಹೋಗಿ ಎಂದರು. ಶಿವಮೊಗ್ಗದ ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು ಟಾರ್ಚು ಬಿಟ್ಟು ಕೂಸಿನ ಅಂಗುಳ, ನಾಲಗೆ ನೋಡಿದರು. ಅಂಗುಳದ ಮೇಲೆ ಬೊಬ್ಬೆ ಎದ್ದು ಒಡೆದಿತ್ತು.

"ಹಾಲು ಹೇಗೆ ಬಿಸಿ ಮಾಡಿದ್ರಿ?"

ನಾಗೇಶ ಈಶ್ವರಮ್ಮನತ್ತ ನೋಡದೆ ಹೇಳಿದ, "ಗ್ಯಾಸ್ ಮೇಲೆ ಮೇಡಂ. ನಮ್ಮತ್ತೆ ಮಾಡಿದ್ದು. ಹಳ್ಳಿಯೋರು, ವಯಸ್ಸಾಗಿದೆ."

"ಮೈಕ್ರೋವೇವಲ್ಲಿ ಅಲ್ಲ ತಾನೆ?"

"ಇಲ್ಲ ಮೇಡಂ."

"ಮನೇಲಿದ್ರೆ ಕೇಳಿಸ್ಕೊಳ್ಳಿ. ಮಗುವಿನ ಹಾಲು ಅದರಲ್ಲಿ ಇಡಲೇಬಾರದು. ಬಾಟಲಿ ಹೊರಗೆ ಬೆಚ್ಚಗಷ್ಟೇ ಇರತ್ತೆ, ಒಳಗೆ ಹಾಲು ಒಂದೊಂದು ಕಡೆ ಕುದಿಯೋ ಹಾಗಿರತ್ತೆ. ಎಲ್ಲಾ ಒಂದೇ ಸಮ ಕಾಯಲ್ಲ. ಬಿಸಿನೀರಲ್ಲೇ ಬಾಟಲಿ ನಿಲ್ಲಿಸಿ, ಚೆನ್ನಾಗಿ ಅಲ್ಲಾಡಿಸಿ, ಮುಂಗೈ ಮೇಲೆ ನಾಲ್ಕು ಹನಿ ಬಿಟ್ಟು ನೋಡಿ, ಆಮೇಲೆ ಕೊಡಬೇಕು."

ನಾಗೇಶ ತಲೆಯಾಡಿಸಿದ. ಈಶ್ವರಮ್ಮ ಬಾಗಿಲ ಹತ್ತಿರ ಕೂಸಿನ ಟವೆಲು ಹಿಡಿದು ನಿಂತಿದ್ದಳು. ಡಾಕ್ಟರ ಮಾತು ಪೂರ್ತಿ ಅವಳ ತಲೆಗೆ ಹೋಗಲಿಲ್ಲ. ಗ್ಯಾಸ್ ಎಂದದ್ದು ಮಾತ್ರ ಕೇಳಿತು. ಗಾಬರಿಯಲ್ಲಿ ಬಾಯಿತಪ್ಪಿ ಅಂದಿರಬೇಕು ಎಂದುಕೊಂಡಳು. ನರ್ಸು ಅವಳತ್ತ ತಿರುಗಿ, "ಏನಜ್ಜಿ, ಇಷ್ಟು ವಯಸ್ಸಾಗಿದೆ, ಕೂಸಿಗೆ ಕುದಿಯೋ ಹಾಲು ಕೊಡ್ತಾರಾ ಯಾರಾದ್ರೂ?" ಎಂದಾಗ ಅವಳು ತಲೆ ತಗ್ಗಿಸಿದಳು. ಕುಡಿಸಿದ್ದು ಅವಳ ಕೈ. ಆ ಹೊತ್ತಿನಲ್ಲಿ ಯಾರು ಎಷ್ಟು ಬೈದರೂ ಅವಳು ಬೈಸಿಕೊಳ್ಳುತ್ತಿದ್ದಳು.

ಕೂಸು ಬದುಕಿತು. ಮೂಗಿನಲ್ಲಿ ನಳಿಗೆ ಹಾಕಿ ಹಾಲಿಳಿಸಿದರು. ಅಂಗುಳ ಮಾದು, ಮತ್ತೆ ಬಾಯಿಂದ ಎಳೆಯುವುದನ್ನು ಕಲಿಯುವವರೆಗೆ ಕೂಸು ಸೊರಗಿ ಸೊರಗಿ, ಈಶ್ವರಮ್ಮ ತಿಕ್ಕಿ ತುಂಬಿಸಿದ್ದ ತೊಡೆಗಳ ಚರ್ಮ ಜೋಲು ಬಿತ್ತು. ಮನೆಗೆ ಬಂದ ಮೇಲೆ ಲೋಕಮ್ಮ ಕೂಸನ್ನು ಅವಳ ಕೈಗೆ ಕೊಡಲಿಲ್ಲ.

"ನಾ ಕಾಯಿಸಲಿಲ್ಲ ಬೀಗ್ರೆ. ಅದು ಆ ಪೆಟ್ಟಿಗೆಯಾಗೆ ಇಟ್ಟಿದ್ದು. ಅಳಿಯಂದ್ರೇ ಇಟ್ಟಿದ್ದು."

"ಅವನು ನನಗೆ ಹೇಳಿದ್ದು ಹಂಗಲ್ಲ" ಎಂದಳು ಲೋಕಮ್ಮ. "ಅವನು ಇಟ್ಟನೋ, ನೀವಿಟ್ಟರೋ, ನಾ ಕಂಡಿಲ್ಲ. ಬಾಟ್ಲಿ ಯಾರ ಕೈಲಿತ್ತು? ಅದೊಂದು ಹೇಳಿ."

ಈಶ್ವರಮ್ಮ ಕೂಸಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ನಾಗೇಶ ಬೈಕು ಹೊರಗೆ ತೆಗೆಯುತ್ತಿದ್ದಾಗ ಅವಳು ಅವನ ಎದುರು ಹೋಗಿ ನಿಂತಳು. "ನಾಗೇಶಪ್ಪ, ಡಾಕ್ಟ್ರ ಹತ್ರ ಗ್ಯಾಸ್ ಮ್ಯಾಲೆ ಅಂದ್ರಲ್ಲ. ನಿಮ್ಮವ್ವನ ಹತ್ರಾನೂ ಹಂಗೇ ಹೇಳೀರಿ."

ಅವನು ಅತ್ತಿತ್ತ ನೋಡಿದ. ಕಣ್ಣು ಕೆಂಪಗಾಗಿದ್ದವು. ಅವನೂ ನಿದ್ದೆಗೆಟ್ಟಿದ್ದ.

"ನಿಜ ಹೇಳಿದ್ರೆ ಕೂಸಿನ ಬಾಯಿ ಬೇಗ ವಾಸಿ ಆಗ್ತಿತ್ತಾ ಅತ್ತೆ? ಅಂಗಡಿಯವನ ಮನೇಲೇ, ಅವನ ಓವನ್ನಿಂದಲೇ, ಅವನ ಮಗು ಬಾಯೇ ಸುಟ್ಟಿತು ಅಂತ ಊರಲ್ಲಿ ಹಬ್ಬಿದ್ರೆ ನನ್ನ ಹತ್ರ ಒಂದು ಮಿಕ್ಸಿ ಕೂಡ ಯಾರೂ ತಗಳಲ್ಲ. ನೀವು ನಿಮ್ಮೂರಿಗೆ ಹೋಗ್ತೀರಿ. ನಾಲ್ಕು ದಿನ ಅಂತಾರೆ, ಮರೀತಾರೆ. ನಾನು ಇಲ್ಲೇ ಬಾಗಿಲು ತಕ್ಕೊಂಡು ಕೂತಿರಬೇಕು."

"ನಂಗೂ ಒಂದು ಊರೈತಪ್ಪ."

"ನಿಮ್ಮ ಮಗಳು ಉಣ್ಣೋದೂ ಅದೇ ಅಂಗಡಿ ಅನ್ನ ಅತ್ತೆ" ಎಂದು ಅವನು ಬೈಕು ಹತ್ತಿದ.

ಅವಳು ಸುಮಾಳ ಹತ್ತಿರ ಹೋಗಿ ಮಂಚದ ಅಂಚಿಗೆ ಕೂತಳು. "ನೀ ಇಲ್ಲೇ ಮಲಗಿದ್ದೆ. ಅದು ಕೀಂ ಅಂದಿದ್ದು ಕೇಳಲಿಲ್ಲೇನೆ? ನಿನ್ನ ಗಂಡ ಬಂದು ಮಾತಾಡಿದ್ದು?"

"ನಂಗೆ ಜ್ವರ ಇತ್ತವ್ವ. ಏನೂ ಗೊತ್ತಿಲ್ಲ" ಎಂದು ಸುಮಾ ಗೋಡೆಯ ಕಡೆ ಹೊರಳಿದಳು.

ಪಾಪ, ಬೆಂಕಿಯಂಥ ಜ್ವರ, ಕೇಳಿರಲಿಕ್ಕಿಲ್ಲ ಎಂದು ಈಶ್ವರಮ್ಮ ಮಗಳ ತಲೆ ನೇವರಿಸಿ ಎದ್ದಳು. ಅವತ್ತೇ ಬಸ್ಸಿಗೆ ಹೊರಟಳು.

ಮಾತು ಅವಳಿಗಿಂತ ಮುಂಚೆ ಊರು ಸೇರಿತ್ತು. ಶಿರಾಳಕೊಪ್ಪದ ಸಂತೆಗೆ ಆನವಟ್ಟಿ ಕಡೆಯವರೂ ಬರುತ್ತಾರೆ, ಉಡುತಡಿಯವರೂ ಹೋಗುತ್ತಾರೆ. ಈಶ್ವರಮ್ಮ ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅದು ಇನ್ನೂ ಕೆಡುಕಾಯಿತು. ಬಾಟಲಿ ಹೊರಗೆ ಬೆಚ್ಚಗಷ್ಟೇ ಇದ್ದು ಒಳಗೆ ಹಾಲು ಕುದಿಯುತ್ತಿತ್ತು ಎಂದರೆ ನಂಬುವವರು ಯಾರು? ತಾನು ಮಾಡಿದ್ದನ್ನು ಅಳಿಯನ ತಲೆಗೆ ಕಟ್ಟುತ್ತಿದ್ದಾಳೆ ಎಂದರು.

ಪುಟ್ಟಪ್ಪನ ಮನೆಯಲ್ಲಿ ಸೊಸೆಗೆ ದಿನ ತುಂಬಿದ್ದವು. ಹೆರಿಗೆಯಾದ ಕೂಡಲೇ ಹೇಳಿ ಕಳಿಸುತ್ತೇವೆ ಎಂದು ಪುಟ್ಟಪ್ಪನ ಹೆಂಡತಿ ಮೊದಲೇ ಮಾತಾಡಿಟ್ಟಿದ್ದಳು. ಕೂಸು ಮನೆಗೆ ಬಂದದ್ದು ಊರಿಗೆಲ್ಲ ತಿಳಿಯಿತು. ಯಾರೂ ಕರೆಯಲು ಬರಲಿಲ್ಲ. ಮರೆತಿರಬೇಕು ಎಂದುಕೊಂಡು ಈಶ್ವರಮ್ಮ ತಾನೇ ಹೋದಳು. ಬಚ್ಚಲಿಂದ ಹೊಗೆ ಏಳುತ್ತಿತ್ತು. ಒಳಗೆ ಯಾರೋ ನೀರು ಹುಯ್ಯುವ ಸದ್ದು, ಕೂಸಿನ ಅಳು. ಪುಟ್ಟಪ್ಪನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಂತೆ ನಿಂತು, "ಬಾ ಈಶ್ವರಕ್ಕ, ಚಾ ಕುಡಿ" ಎಂದಳು. ಅಂದರೂ ಬಾಗಿಲು ಬಿಡಲಿಲ್ಲ.

"ಯಾರು ಎರಿತಿರಾದು?"

"ಸೊಸೆ ಅವ್ವ ಬಂದಾಳೆ. ಈಗಿನ ಡಾಕ್ಟ್ರು ಹಂಗೆಲ್ಲ ತಿಕ್ಕಬಾರ್ದು ಅಂತಾರಂತೆ. ಸೊಸೆ ಬ್ಯಾಡ ಅಂದ್ಳು. ನಂದೇನಿಲ್ಲ, ತಿಳ್ಕಬ್ಯಾಡ."

"ತಿಳ್ಕಣಾದೇನೈತೆ" ಎಂದು ಈಶ್ವರಮ್ಮ ತಿರುಗಿದಳು. ಚಹಾ ಕುಡಿಯಲಿಲ್ಲ. ಹಿತ್ತಲ ಬೇಲಿಯ ಪಕ್ಕದಲ್ಲಿ ಹೋಗುತ್ತಿದ್ದಾಗ ಒಳಗಿಂದ ಬಾಣಂತಿಯ ದನಿ ಕೇಳಿತು. "ಸ್ವಂತ ಮೊಮ್ಮಗಳ ಬಾಯಿ ಸುಟ್ಟೋಳು, ನನ್ನ ಕೂಸಿನ ಮೈ ಸುಡಲ್ಲ ಅಂತ ಏನ್ ಗ್ಯಾರಂಟಿ?" ಆ ಬಾಣಂತಿಯ ಗಂಡನನ್ನು, ಅಂದರೆ ಪುಟ್ಟಪ್ಪನ ಮಗನನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ಇದೇ ಈಶ್ವರಮ್ಮ.

ಆಮೇಲೆ ಯಾರೂ ಕರೆಯಲಿಲ್ಲ. ಶಿರಾಳಕೊಪ್ಪದ ಆಟೋಗಳೂ ನಿಂತವು. ಬಸ್‌ಸ್ಟ್ಯಾಂಡಿನ ಹುಡುಗರಿಗೆ ಅವಳು ಏನನ್ನೂ ಹೇಳುವುದನ್ನು ಬಿಟ್ಟಳು. ಬೆಳಿಗ್ಗೆ ಎದ್ದು ಕೈಗೆ ಕೆಲಸ ಕಾಣದೆ ಹಟ್ಟಿಯ ಗೊಬ್ಬರ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು.

ಚಿಕ್ಕಬೀರಪ್ಪ ಮಾತು ಕಡಿಮೆಯವನು. ಒಂದು ದಿನ ಕಂಬಳಿ ಹೆಗಲಿಗೆ ಹಾಕಿಕೊಂಡು ಕೋಲು ಹಿಡಿದು ನಿಂತ. "ನಾ ಆನವಟ್ಟಿಗೆ ಹೋಗಿ ಅವನ್ನ ಅಂಗಡಿ ಮುಂದೆ ನಿಲ್ಲಿಸಿ ಕೇಳ್ತೀನಿ."

"ಕೇಳಿ ಏನ್ ಮಾಡಾದು? ಮಗಳು ಅಲ್ಲಿದಾಳೆ."

"ಮಗಳು ಅಲ್ಲಿದಾಳೆ ಅಂತ ನೀ ಇಲ್ಲಿ ಹಿಂಗೆ ಸಾಯ್ತೀಯೇನು?"

ಅವಳು ಅವನ ಕೈಯಿಂದ ಕೋಲು ತೆಗೆದುಕೊಂಡು ಮೂಲೆಗಿಟ್ಟಳು.

ನಯನಾಳ ಮೊದಲ ಹುಟ್ಟುಹಬ್ಬಕ್ಕೆ ಸುಮಾ ಫೋನು ಮಾಡಿ ಕರೆದಳು. ಈಶ್ವರಮ್ಮನಿಗೆ ಹೋಗಲು ಮನಸ್ಸಿರಲಿಲ್ಲ. ಕೂಸನ್ನು ನೋಡುವ ಆಸೆ ಹೆಚ್ಚಾಗಿ ಹೊರಟಳು. ಆನವಟ್ಟಿಯಲ್ಲಿ ಬಸ್ಸಿಳಿದಾಗ ಅಕ್ಕಿಯ ಚೀಲ ಭಾರವಾಗಿತ್ತು. ಅಂಗಡಿಯಲ್ಲಿಟ್ಟರೆ ಅಳಿಯ ಬೈಕಿನಲ್ಲಿ ತರುತ್ತಾನೆ ಎಂದು ಅಂಗಡಿಯ ಮೆಟ್ಟಿಲು ಹತ್ತಿದಳು. ನಾಗೇಶ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಎದುರಿಗೆ ಗಂಡ ಹೆಂಡತಿ, ಹೆಂಡತಿಯ ಸೊಂಟದ ಮೇಲೆ ಎಳೆ ಕೂಸು. ಮಧ್ಯದಲ್ಲಿ ಬಾಗಿಲು ತೆರೆದ ಓವನ್ನು.

"ಎಲ್ಲಾ ಬಿಸಿ ಮಾಡ್ಕೊಳ್ಳಿ, ಆದರೆ ನಡುವೆ ತೆಗೆದು ಕದಡಬೇಕು. ಬರೀ ನೀರು ಕಾಯಿಸಿದ್ರೆ ತಕ್ಷಣ ಚಮಚ ಹಾಕಬೇಡಿ, ಉಕ್ಕಿ ಮುಖಕ್ಕೆ ಹಾರ್ತದೆ. ಮಗು ಹಾಲು ಮಾತ್ರ ಇಡಲೇಬೇಡಿ" ಎನ್ನುತ್ತಿದ್ದ ನಾಗೇಶ. "ಬಾಟ್ಲಿ ಹೊರಗೆ ಬೆಚ್ಚಗಿರ್ತದೆ, ಒಳಗೆ ಕುದೀತಾ ಇರ್ತದೆ. ಬಾಯಿ ಸುಟ್ಟುಬಿಡ್ತದೆ."

"ಅಯ್ಯೋ, ಹಂಗೆ ಯಾರಿಗಾದ್ರೂ ಆಗಿದ್ಯೇನ್ರೀ?" ಎಂದು ಹೆಂಗಸು ಕೂಸನ್ನು ಬಿಗಿಯಾಗಿ ಅಪ್ಪಿಕೊಂಡಳು.

"ನಮ್ಮ ಪೈಕಿಯವರ ಮನೇಲೇ ಆಯ್ತಲ್ಲ. ಹಳ್ಳಿ ಅಜ್ಜಿ ಒಬ್ರು. ತಿಳೀದೆ ಬಾಟ್ಲಿ ಇಟ್ಟು ಆನ್ ಮಾಡಿಬಿಟ್ಟಿದ್ರು. ಯಾರೂ ಇರಲಿಲ್ಲ ಹತ್ರ."

ಈಶ್ವರಮ್ಮ ಚೀಲವನ್ನು ದೊಪ್ಪನೆ ನೆಲಕ್ಕಿಳಿಸಿದಳು. ನಾಗೇಶ ತಿರುಗಿದ. ಮದುವೆಯಾದಾಗಿನಿಂದ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸಿದವಳು ಅವಳು. ಈಗ ಆ ಹೆಂಗಸಿನ ಕಡೆ ನೋಡಿ ಹೇಳಿದಳು, "ಇಟ್ಟೋಳು ಅಜ್ಜಿ ಅಲ್ಲ ಕಣವ್ವ. ಇವ್ನು. ಇವ್ನೇ ಇಟ್ಟು, ಇವ್ನೇ ತೆಗ್ದು, ನೋಡೀನಿ ಅಂತ ನನ್ನ ಕೈಗೆ ಕೊಟ್ಟ. ನಾ ಬ್ಯಾಡ ಅಂದೆ."

ನಾಗೇಶನ ಮುಖ ಬಿಳಿಚಿತು. ಆಮೇಲೆ ಅವನು ಬಂದು ಅವಳ ಭುಜ ಹಿಡಿದು ಮೆತ್ತಗೆ ಹೇಳಿದ, "ಬನ್ನಿ ಅತ್ತೆ, ಕೂತ್ಕೊಳ್ಳಿ. ನೀರು ಕುಡಿರಿ." ಗಿರಾಕಿಗಳ ಕಡೆ ತಿರುಗಿ ದನಿ ತಗ್ಗಿಸಿದ. "ನಮ್ಮತ್ತೆ. ಅವತ್ತಿಂದ ಹಿಂಗೇ ಆಗಿಬಿಟ್ಟಿದೆ, ಪಾಪ."

ಆ ಹೆಂಗಸು ಈಶ್ವರಮ್ಮನನ್ನು ನೋಡಿದಳು. ಕೂಸನ್ನು ಈ ಕಡೆಯ ಸೊಂಟದಿಂದ ಆ ಕಡೆಯ ಸೊಂಟಕ್ಕೆ ಬದಲಾಯಿಸಿಕೊಂಡಳು. ಗಂಡ ಓವನ್ನಿನ ಬಣ್ಣ ಬೇರೆ ಇದೆಯೇ ಎಂದು ಕೇಳಿದ.

ಈಶ್ವರಮ್ಮ ಚೀಲವನ್ನು ತಾನೇ ಹೊತ್ತುಕೊಂಡು ಮನೆಗೆ ನಡೆದಳು. ನಾಗೇಶನ ಫೋನು ಅಷ್ಟರಲ್ಲಿ ಸುಮಾಳಿಗೆ ಬಂದಿತ್ತು. ಸುಮಾ ಬಾಗಿಲಲ್ಲಿ ಕಾಯುತ್ತಿದ್ದಳು. ಲೋಕಮ್ಮ ಪಕ್ಕದ ಮನೆಗೆ ಹೋಗಿದ್ದಳು. ನಯನ ನೆಲದ ಮೇಲೆ ಡಬ್ಬಿ ಉರುಳಿಸುತ್ತ ಕೂತಿತ್ತು. ಅಜ್ಜಿಯ ಗುರುತು ಅದಕ್ಕಿರಲಿಲ್ಲ.

"ಅಂಗಡೀಲಿ ಯಾಕವ್ವ ಹಂಗೆ ಮಾತಾಡ್ದೆ? ಎಲ್ಲಾ ಮುಗಿದಿತ್ತಲ್ಲ. ಗಿರಾಕಿಗಳ ಎದ್ರಿಗೆ!"

"ನಿಂಗೆ ಗೊತ್ತಿಲ್ಲ ಮಗಳೆ. ನೀ ಜ್ವರದಾಗಿದ್ದೆ. ಅವತ್ತು..."

"ಗೊತ್ತು!" ಎಂದಳು ಸುಮಾ ಸಿಟ್ಟಿನಲ್ಲಿ. "ಎಲ್ಲಾ ಗೊತ್ತು ನಂಗೆ. ನೀನು ಬ್ಯಾಡ ಬಿಡ್ರಿ ಅಂದಿದ್ದೂ ಕೇಳ್ತು, ಅವ್ರು ನೋಡಿದೀನಿ ಅಂದಿದ್ದೂ ಕೇಳ್ತು. ಇದನ್ನೇ ಹೇಳು ಅಂತೀಯ? ಹೇಳಿದ್ರೆ ಈ ಮನೇಲಿ ನಾನು ಹೆಂಗಿರ್ಲಿ?"

ಈಶ್ವರಮ್ಮ ನಿಂತಲ್ಲೇ ಗೋಡೆಗೆ ಒರಗಿ ಕೂತಳು. ಸುಮಾಳ ಸಿಟ್ಟು ಅಳುವಾಯಿತು. ಅವಳೂ ಬಂದು ಎದುರಿಗೆ ಕೂತಳು.

"ನಿನ್ನ ನಾಲ್ಕು ಜನ ನಾಲ್ಕು ದಿನ ಆಡ್ಕಂಡು ಸುಮ್ಮನಾಗ್ತಾರೆ ಅಂದ್ಕಂಡೆ ಅವ್ವ. ಅವ್ರನ್ನ ಅಂದ್ರೆ ಅಂಗಡಿ ಹೋಗ್ತಿತ್ತು. ನೀ ಹೆತ್ತೋಳು, ತಡ್ಕಂತೀಯ ಅಂತ..."

"ತಡ್ಕಂಡೆ" ಎಂದಳು ಈಶ್ವರಮ್ಮ. "ನಿಂಗೆ ಗೊತ್ತಿಲ್ಲ ಅಂದ್ಕಂಡು ತಡ್ಕಂಡೆ. ಊರೆಲ್ಲ ಅಂದ್ರೂ, ನನ್ನ ಮಗಳಿಗೆ ಗೊತ್ತಿದ್ದಿದ್ರೆ ಹೇಳ್ತಿದ್ಳು ಅಂತ ಇದ್ದೆ. ಇದನ್ನ ನೀ ನಂಗೆ ಹೇಳಬಾರ್ದಿತ್ತು ಕಣೆ."

ಸುಮಾ ಎದ್ದು ಕಣ್ಣೊರೆಸಿಕೊಂಡು ತಾಯಿಗೆ ಊಟಕ್ಕೆಂದು ಅನ್ನದ ತಟ್ಟೆಯನ್ನು ಓವನ್ನಿನಲ್ಲಿಟ್ಟಳು. ಅದು ಕೂಗುವ ಮೊದಲೇ ಈಶ್ವರಮ್ಮ ಎದ್ದು ಅಕ್ಕಿಯ ಚೀಲವನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಸರಿಸಿಟ್ಟು, ಕೂಸಿನ ತಲೆ ಮುಟ್ಟಿ ಹೊರಟಳು. ಸುಮಾ ಗೇಟಿನವರೆಗೆ ಬಂದು ಕೂಗಿದಳು. ಹುಟ್ಟುಹಬ್ಬ ಮಾರನೆಯ ದಿನವಿತ್ತು.

ಈಗ ಈಶ್ವರಮ್ಮ ಗಂಡನ ಜೊತೆ ಕುರಿ ಹಿಂದೆ ಹೋಗುತ್ತಾಳೆ. ಎರೆಯುವುದನ್ನು ಯಾಕೆ ಬಿಟ್ಟೆ ಎಂದು ಹೊರಗಿನವರು ಕೇಳಿದರೆ ಸೊಂಟನೋವು ಎನ್ನುತ್ತಾಳೆ. ಸುಮಾ ಫೋನು ಮಾಡಿದರೆ "ಕೂಸು ಉಣ್ತೈತಾ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಫೋನನ್ನು ಗಂಡನ ಕೈಗೆ ಕೊಡುತ್ತಾಳೆ. ನಾಗೇಶನ ಅಂಗಡಿ ದೊಡ್ಡದಾಗಿದೆ. ಅವನಿಂದ ಓವನ್ನು ಕೊಂಡ ಮನೆಗಳಲ್ಲಿ ಯಾವ ಕೂಸಿನ ಬಾಯಿಯೂ ಸುಟ್ಟಿಲ್ಲ. ಎಲ್ಲರಿಗೂ ಅವನು ಮರೆಯದೆ ತಿಳಿಸಿ ಹೇಳುತ್ತಾನೆ, ಅಜ್ಜಿಯ ಕಥೆಯ ಸಮೇತ.

ಮೊನ್ನೆ ಸುಮಾ ಮತ್ತೆ ಬಸುರಿ ಎಂದು ಸುದ್ದಿ ಬಂತು. ಬಾಣಂತನಕ್ಕೆ ತವರಿಗೇ ಬರುತ್ತೇನೆ ಎಂದು ಅಪ್ಪನ ಹತ್ತಿರ ಅತ್ತಳಂತೆ. ಹಟ್ಟಿಯ ಬಾಗಿಲು ಕಟ್ಟುತ್ತಿದ್ದ ಹೆಂಡತಿಯ ಹಿಂದೆ ನಿಂತು ಚಿಕ್ಕಬೀರಪ್ಪ ಕೇಳಿದ, "ಏನಂತ ಹೇಳ್ಲಿ?"

ಈಶ್ವರಮ್ಮ ಹಗ್ಗದ ಗಂಟು ಬಿಗಿದಳು.

"ಬರ್ಲಿ. ಅವಳ ಮನೆ. ಖಾರ, ಕಷಾಯ ಎಲ್ಲಾ ನಾ ಮಾಡಿ ಹಾಕ್ತೀನಿ" ಎಂದಳು. "ಎರಿಯಾಕೆ ಮಾತ್ರ ಬ್ಯಾರೆ ಯಾರ್ನಾರ ನೋಡು."